ಸರ್ಕಾರಿ ಶಾಲೆಗೆ ಸ್ವಯಂಸೇವಕರಾಗಿ ಹೋಗುವವರಿಗೆ: ಯಾವ ಕಾಗದ ಬೇಕು, ಯಾವ ನಿಯಮ ಪಾಲಿಸಬೇಕು

ನಾನು ಪಾಂಡವಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಈಗ ಮೈಸೂರಿನ ಕುವೆಂಪುನಗರದಲ್ಲಿದ್ದೇನೆ. ಶಾಲೆಗೆ ಹೋಗಿ ಇಂಗ್ಲಿಷ್ ಹೇಳಿಕೊಡಬೇಕು, ಕಥೆ ಓದಬೇಕು, ಲೆಕ್ಕ ಮಾಡಿಸಬೇಕು ಎನ್ನುವವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಹೂಟಗಳ್ಳಿ, ಹೆಬ್ಬಾಳದ ಕಂಪನಿಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು, ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವವರು, ಬ್ಯಾಂಕಿನಿಂದ ನಿವೃತ್ತರಾದವರು. ಶನಿವಾರ ಅವರಿಗೆ ರಜೆ, ನಮ್ಮ ಶಾಲೆಗಳಿಗೆ ಬೆಳಗಿನ ತರಗತಿ. ಇಬ್ಬರಿಗೂ ಅನುಕೂಲ.

ಎಲ್ಲರೂ ಮೊದಲು ಕೇಳುವುದು, "ಯಾವ ಕ್ಲಾಸ್ ಕೊಡ್ತೀರಿ ಮೇಡಂ?" ಎಂದು. ನಾನು ಮೊದಲು ಹೇಳುವುದು ಪೊಲೀಸ್ ಪರಿಶೀಲನೆಯ ವಿಷಯ. ಕೆಲವರ ಮುಖ ಬಾಡುತ್ತದೆ. "ಪುಕ್ಕಟೆ ಪಾಠ ಮಾಡೋಕೆ ಬರೋರನ್ನೂ ಅನುಮಾನ ಪಡ್ತೀರಾ?" ಎಂದು ಒಬ್ಬ ಹಿರಿಯರು ನೇರವಾಗಿಯೇ ಕೇಳಿದರು. ಎಲ್ಲರನ್ನೂ ಕೇಳಿದರೆ ಅದು ಯಾರ ಮೇಲೂ ಅನುಮಾನವಲ್ಲ ಸರ್, ಮುಖ ನೋಡಿ ಒಬ್ಬರನ್ನು ಕೇಳಿ ಇನ್ನೊಬ್ಬರನ್ನು ಬಿಟ್ಟರೆ ಅದು ಅನುಮಾನ ಎಂದೆ. ಅವರು ಅರ್ಜಿ ಹಾಕಿದರು. ಈಗಲೂ ಹೋಗುತ್ತಿದ್ದಾರೆ, ಮಕ್ಕಳಿಗೆ ಅವರೆಂದರೆ ಪ್ರೀತಿ.

ನಮ್ಮ ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ದೊಡ್ಡ ತೊಡಕು ಇರುವುದೇ ಇಲ್ಲಿ. "ಅವ್ನಾ? ನಮ್ ಗೌಡ್ರ ಅಳಿಯ, ಒಳ್ಳೆ ಹುಡ್ಗ" ಎಂದರೆ ಮುಗಿಯಿತು, ಯಾರೂ ಮುಂದೆ ಕೇಳುವುದಿಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳನ್ನು ನೋಡಿ. ಮಕ್ಕಳ ಮೇಲಿನ ಅತ್ಯಾಚಾರ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಮೊದಲೇ ಗೊತ್ತಿದ್ದವರು: ನೆಂಟರು, ನೆರೆಯವರು, ಮನೆಗೆ ಬಂದು ಹೋಗುವವರು. ಹಾಗಾಗಿ ಪರಿಚಯ ಇದೆ ಎನ್ನುವುದು ವಿನಾಯಿತಿಗೆ ಕಾರಣವಾಗಬಾರದು.

ಕಾನೂನು ಏನು ಹೇಳುತ್ತದೆ

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆ 2012ರದ್ದು. 18 ವರ್ಷದೊಳಗಿನ ಎಲ್ಲರೂ ಅದರ ಲೆಕ್ಕದಲ್ಲಿ ಮಕ್ಕಳೇ. ಪಿಯುಸಿ ಓದುವ ಹುಡುಗನೂ ಸೇರಿ. ಈ ಕಾಯ್ದೆಯ 2020ರ ನಿಯಮಗಳು ಶಾಲೆ, ಶಿಶುಪಾಲನಾ ಕೇಂದ್ರ, ಕ್ರೀಡಾ ಅಕಾಡೆಮಿಯಂಥ ಮಕ್ಕಳಿರುವ ಎಲ್ಲ ಸಂಸ್ಥೆಗಳಿಗೂ ಒಂದು ಕಟ್ಟುಪಾಡು ಹಾಕಿವೆ. ಮಕ್ಕಳ ಸಂಪರ್ಕಕ್ಕೆ ಬರುವ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮತ್ತು ಹಿನ್ನೆಲೆ ಪರಿಶೀಲನೆ ಆಗಬೇಕು. ಕಾಯಂ ಇರಲಿ, ಗುತ್ತಿಗೆ ಇರಲಿ, ಬೋಧಕರಿರಲಿ, ಬೋಧಕೇತರರಿರಲಿ. ಅದೂ ಒಂದು ಸಲಕ್ಕೆ ಮುಗಿಯುವುದಲ್ಲ, ಕಾಲಕಾಲಕ್ಕೆ ಆಗುತ್ತಿರಬೇಕು.

ಆ ಮಾತು ನೌಕರರ ಬಗ್ಗೆ ಇದೆ, ಸಂಬಳವಿಲ್ಲದೆ ಬರುವವರ ಬಗ್ಗೆ ಅಲ್ಲ. ಇದನ್ನೇ ಹಿಡಿದುಕೊಂಡು "ಸ್ವಯಂಸೇವಕರಿಗೆ ಬೇಕಾಗಿಲ್ಲ ಬಿಡಿ" ಎನ್ನುವ ಶಾಲೆಗಳಿವೆ. ನಾನು ಒಪ್ಪುವುದಿಲ್ಲ. ವಾರಕ್ಕೊಮ್ಮೆ ತರಗತಿಯಲ್ಲಿ ಕೂರುವವರಿಗೆ ಮಕ್ಕಳ ಜೊತೆ ಸಿಗುವ ಸಲಿಗೆ ಗುಮಾಸ್ತರಿಗಿಂತ ಜಾಸ್ತಿ, ಅಲ್ವಾ? ಗುಮಾಸ್ತರಿಗೆ ಇರುವ ಪರಿಶೀಲನೆ ಇವರಿಗೆ ಯಾಕೆ ಬೇಡ? ಶಾಲೆ ಕೇಳದಿದ್ದರೂ ನೀವೇ ಮಾಡಿಸಿಕೊಂಡು ಹೋಗಿ.

ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಸಂಚಯ ಅಂತ ಒಂದು 2018ರಲ್ಲೇ ಶುರುವಾಗಿದೆ. ಅದನ್ನು ಪೊಲೀಸರಂಥ ತನಿಖಾ ಸಂಸ್ಥೆಗಳು ಮಾತ್ರ ನೋಡಬಹುದು. ಮುಖ್ಯ ಶಿಕ್ಷಕರು ಮೊಬೈಲಿನಲ್ಲಿ ಹೆಸರು ಹಾಕಿ ನೋಡಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಪೊಲೀಸರ ಮೂಲಕವೇ ಹೋಗಬೇಕು.

ಶಾಲೆಯ ಒಪ್ಪಿಗೆ ಪಡೆಯುವುದು

ಬಿಸ್ಕತ್ತು, ಪೆನ್ಸಿಲ್ ಹಿಡಿದುಕೊಂಡು ನೇರವಾಗಿ ತರಗತಿಗೆ ಹೋಗಬೇಡಿ. ಮೊದಲು ಮುಖ್ಯ ಶಿಕ್ಷಕರನ್ನು ನೋಡಿ. ಬಿಸಿಯೂಟದ ಹೊತ್ತಿಗೆ ಹೋದರೆ ಅವರಿಗೆ ಮಾತಾಡಲು ಪುರುಸೊತ್ತು ಇರುವುದಿಲ್ಲ, ಸಂಜೆ ಹೋಗಿ. ಏನು ಕಲಿಸುತ್ತೀರಿ, ಯಾವ ದಿನ, ಎಷ್ಟು ಹೊತ್ತು, ಎಷ್ಟು ತಿಂಗಳು ಎಂದು ಒಂದು ಪುಟದ ಪತ್ರ ಬರೆದುಕೊಡಿ. ಅದನ್ನು ಅವರು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯ ಮುಂದೆ ಇಡಲಿ. ಆ ಸಮಿತಿಯಲ್ಲಿ ಹೆಚ್ಚಿನವರು ಮಕ್ಕಳ ತಂದೆ ತಾಯಿಯರು. ತಮ್ಮ ಮಕ್ಕಳ ಜೊತೆ ಯಾರು ಕೂರುತ್ತಾರೆ ಎಂದು ಅವರಿಗೆ ಗೊತ್ತಿರಬೇಕು. ಪತ್ರದ ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೂ ಹೋಗಲಿ. ನೀವು ಒಂದು ಸಂಸ್ಥೆಯ ಕಡೆಯಿಂದ ಹೋಗುವುದಾದರೆ ಬಿಇಒ ಅನುಮತಿ ಲಿಖಿತವಾಗಿ ಕೈಯಲ್ಲಿರಲಿ.

ಕೇಂದ್ರ ಸರ್ಕಾರದ ವಿದ್ಯಾಂಜಲಿ ಎನ್ನುವ ಜಾಲತಾಣ ಇದೆ, 2021ರಲ್ಲಿ ಹೊಸ ರೂಪದಲ್ಲಿ ಬಂತು. ಅಲ್ಲಿ ಶಾಲೆಗಳು ತಮಗೆ ಬೇಕಾದುದನ್ನು ಹಾಕುತ್ತವೆ, ಸ್ವಯಂಸೇವಕರು ಹೆಸರು ನೋಂದಾಯಿಸಬಹುದು. ಒಳ್ಳೆಯದೇ. ಆದರೆ ಅಲ್ಲಿ ನೋಂದಾಯಿಸಿದ್ದನ್ನೇ ಪರಿಶೀಲನೆ ಆಯಿತು ಎಂದುಕೊಳ್ಳಬೇಡಿ.

ಪೊಲೀಸ್ ಪರಿಶೀಲನಾ ಪತ್ರ

ಇದಕ್ಕೆ ಠಾಣೆಗೆ ಹೋಗಿ ನಿಲ್ಲುವ ಕಾಲ ಹೋಯಿತು. ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಪೊಲೀಸ್ ಇಲಾಖೆಯ ಸೇವೆಗಳ ಕೆಳಗೆ ಪರಿಶೀಲನಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಕಂಪ್ಯೂಟರ್ ಬಳಸಲು ಬಾರದವರು ಹಳ್ಳಿಯಲ್ಲಾದರೆ ಗ್ರಾಮ ಒನ್, ಪಟ್ಟಣದಲ್ಲಾದರೆ ಕರ್ನಾಟಕ ಒನ್ ಕೇಂದ್ರಕ್ಕೆ ಹೋಗಲಿ. ಫೋಟೋ, ಗುರುತಿನ ಪುರಾವೆ, ವಿಳಾಸದ ಪುರಾವೆ ಸಾಕು. ಅರ್ಜಿ ನೀವಿರುವ ಜಾಗದ ಠಾಣೆಗೆ ಹೋಗುತ್ತದೆ. ಮೈಸೂರು ನಗರದವರದು ಪೊಲೀಸ್ ಆಯುಕ್ತರ ಕೆಳಗೆ, ಮಂಡ್ಯ ಜಿಲ್ಲೆಯವರದು ಮತ್ತು ಮೈಸೂರಿನ ಉಳಿದ ತಾಲ್ಲೂಕುಗಳವರದು ಆಯಾ ಜಿಲ್ಲೆಯ ಎಸ್‌ಪಿ ಕೆಳಗೆ. ಠಾಣೆಯಿಂದ ಫೋನ್ ಬಂದರೆ ಗಾಬರಿ ಬೇಡ. ಮನೆಗೆ ಯಾರಾದರೂ ಬಂದು ಅಕ್ಕಪಕ್ಕದವರನ್ನು ವಿಚಾರಿಸಬಹುದು. ಮನೆಯವರಿಗೆ ಮೊದಲೇ ಹೇಳಿಟ್ಟಿರಿ.

ಆಧಾರ್‌ನಲ್ಲಿ ಊರಿನ ವಿಳಾಸ ಇದ್ದು, ಇರುವುದು ಮೈಸೂರಿನ ಬಾಡಿಗೆ ಮನೆಯಲ್ಲಾದರೆ ಬಾಡಿಗೆ ಕರಾರು ಜೊತೆಗಿಟ್ಟುಕೊಳ್ಳಿ. ಅರ್ಜಿಗಳು ಜಾಸ್ತಿ ನಿಲ್ಲುವುದು ಇದರಿಂದಲೇ. ಪಾಸ್‌ಪೋರ್ಟ್ ಕಚೇರಿ ಕೊಡುವ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಬೇರೆ, ಅದು ಹೊರದೇಶಕ್ಕೆ ಹೋಗುವವರಿಗೆ. ಕಂಪನಿ ಸೇರುವಾಗ ಮಾಡಿಸಿದ ಹಿನ್ನೆಲೆ ಪರಿಶೀಲನೆ ಇದ್ದರೆ ತೋರಿಸಿ, ಆದರೆ ಅದನ್ನೇ ಸಾಕು ಎಂದು ಶಾಲೆಗೆ ಒತ್ತಾಯ ಮಾಡಬೇಡಿ. ಶಾಲೆಗೆ ಆಧಾರ್ ಪ್ರತಿ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಟ್ಟರಾಯಿತು.

ಆ ಪತ್ರದಲ್ಲಿ ಇರುವುದು ಏನು? ಪೊಲೀಸ್ ದಾಖಲೆಯಲ್ಲಿ ನಿಮ್ಮ ಹೆಸರಲ್ಲಿ ಪ್ರಕರಣ ಇದೆಯೋ ಇಲ್ಲವೋ, ಅಷ್ಟೇ. ದೂರು ದಾಖಲಾಗದೆ ಊರೊಳಗೇ ಮುಚ್ಚಿಹೋದದ್ದು ಅದರಲ್ಲಿ ಬರುವುದಿಲ್ಲ. ಪಂಚಾಯ್ತಿ ಮಾಡಿ, ಮರ್ಯಾದೆ ಎಂದು ಬಾಯಿ ಮುಚ್ಚಿಸಿದ್ದು ಯಾವ ಕಂಪ್ಯೂಟರಿನಲ್ಲೂ ಇರುವುದಿಲ್ಲ. ಅದಕ್ಕೇ ನಾನು ಮುಖ್ಯ ಶಿಕ್ಷಕರಿಗೆ ಹೇಳುವುದು: ಪತ್ರ ಬಂದ ಮೇಲೂ ಆ ಸ್ವಯಂಸೇವಕರನ್ನು ಬಲ್ಲ ಇಬ್ಬರಿಗೆ ಫೋನ್ ಮಾಡಿ. ಅವರಲ್ಲಿ ಒಬ್ಬರು ಆ ವ್ಯಕ್ತಿ ಈ ಮುಂಚೆ ಮಕ್ಕಳ ಜೊತೆ ಕೆಲಸ ಮಾಡಿದ ಜಾಗದವರಾಗಿರಲಿ. ನೆಂಟರು ಬೇಡ. "ಅವರು ಹೇಗೆ?" ಎಂದು ಕೇಳಿದರೆ "ತುಂಬಾ ಒಳ್ಳೆಯವರು" ಎಂದೇ ಉತ್ತರ ಬರುತ್ತದೆ. ಅದು ನಮ್ಮ ಜನರ ಸೌಜನ್ಯ. ಬೇರೆ ಥರ ಕೇಳಿ. "ನಿಮ್ಮಲ್ಲಿ ಯಾಕೆ ಬಿಟ್ಟರು?" "ಮತ್ತೆ ಬರ್ತೀನಿ ಅಂದ್ರೆ ಸೇರಿಸಿಕೊಳ್ತೀರಾ?" "ನಿಮ್ಮ ಮಗಳನ್ನು ಅವರ ತರಗತಿಗೆ ಕಳಿಸ್ತೀರಾ?" ಈ ಕೊನೆಯ ಪ್ರಶ್ನೆಗೆ ಆ ಕಡೆಯವರು ಮಾತು ತಡೆದರೆ, ಆ ತಡವರಿಕೆಯನ್ನೇ ಉತ್ತರ ಎಂದು ತಿಳಿಯಿರಿ. ಸ್ವಯಂಸೇವಕರನ್ನೂ ಕೂರಿಸಿಕೊಂಡು ಮಾತಾಡಿ. ಯಾಕೆ ಇದೇ ಶಾಲೆ, ಯಾಕೆ ಇದೇ ವಯಸ್ಸಿನ ಮಕ್ಕಳು ಎಂದು ಕೇಳಿ. ನಿಯಮಗಳ ಹಾಳೆ ಕೊಟ್ಟಾಗ ಓದಿ ಸಹಿ ಮಾಡುತ್ತಾರೋ, ಅದರಲ್ಲಿ ರಿಯಾಯಿತಿ ಕೇಳುತ್ತಾರೋ ಗಮನಿಸಿ. "ಒಬ್ಬೊಬ್ಬರೇ ಮಕ್ಕಳಿಗೆ ಬೇರೆ ಕೋಣೇಲಿ ಹೇಳಿಕೊಡ್ತೀನಿ" ಎಂದು ಹಟ ಹಿಡಿಯುವವರನ್ನು, ಅವರು ಎಷ್ಟೇ ಓದಿದವರಿರಲಿ, ನಾನು ಸೇರಿಸುವುದಿಲ್ಲ.

ಶಾಲೆಯ ಒಳಗೆ

ಮಗುವನ್ನು ದಿನದಿನವೂ ಕಾಯುವುದು ಈ ಭಾಗ. ಎಲ್ಲಕ್ಕಿಂತ ಮೊದಲ ನಿಯಮ: ಒಂದು ಮಗುವಿನ ಜೊತೆ ಒಬ್ಬರೇ ಇರಬಾರದು. ಬಾಗಿಲು ತೆರೆದಿರಲಿ. ಇನ್ನೊಬ್ಬ ಶಿಕ್ಷಕರಿಗೆ ನೀವು ಕಾಣುವಂತಿರಲಿ. ಓದಲು ಹಿಂದುಳಿದ ಮಗುವಿಗೆ ಬೇರೆಯಾಗಿ ಹೇಳಿಕೊಡಬೇಕೆಂದರೆ ಜಗಲಿ ಇದೆ, ಹೊಂಗೆ ಮರದ ನೆರಳಿದೆ. ಎಲ್ಲರೂ ಓಡಾಡುವ ಜಾಗದಲ್ಲಿ ಕೂರಿ. ಇದರಿಂದ ಮಗುವಿಗೂ ರಕ್ಷಣೆ, ನಿಮಗೂ ರಕ್ಷಣೆ.

ಒಂದರಿಂದ ಮೂರನೇ ತರಗತಿಯ ಮಕ್ಕಳು ಚಟುವಟಿಕೆ ಮಾಡುತ್ತಾ ಕಲಿಯುವ ನಲಿಕಲಿ ಕೋಣೆಗೆ ಹೋದರೆ ಸ್ವಲ್ಪ ಬೇರೆ ಪರಿಸ್ಥಿತಿ. ನಲಿಕಲಿ ಹುಟ್ಟಿದ್ದೇ ನಮ್ಮ ಎಚ್.ಡಿ. ಕೋಟೆಯಲ್ಲಿ, 1995ರ ಸುಮಾರಿಗೆ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ, ನೀವೂ ಕೂರಬೇಕು. ಸಣ್ಣ ಮಕ್ಕಳು ತಾವಾಗಿಯೇ ಬಂದು ತೊಡೆ ಏರುತ್ತಾರೆ, ಕೊರಳಿಗೆ ಜೋತು ಬೀಳುತ್ತಾರೆ. ದೂರ ತಳ್ಳಬೇಡಿ, ಮಗುವಿಗೆ ಬೇಸರವಾಗುತ್ತದೆ. "ಬಾ ಪುಟ್ಟ, ಪಕ್ಕದಲ್ಲಿ ಕೂತ್ಕೋ" ಎಂದು ಪಕ್ಕಕ್ಕೆ ಕೂರಿಸಿಕೊಳ್ಳಿ. ಬಿದ್ದು ಅಳುವ ಮಗುವನ್ನು ಎತ್ತುವುದರಲ್ಲಿ ತಪ್ಪಿಲ್ಲ, ಎಲ್ಲರ ಎದುರಿಗೆ ಎತ್ತಿ. ಶೌಚಾಲಯಕ್ಕೆ ಕರೆದುಕೊಂಡು ಹೋಗುವುದು ಶಾಲೆಯ ಸಿಬ್ಬಂದಿಯ ಕೆಲಸ, ನಿಮ್ಮದಲ್ಲ.

ಹೊಡೆಯುವಂತಿಲ್ಲ, ಹೀಯಾಳಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. "ನಮ್ಮ ಮೇಷ್ಟ್ರು ಹೊಡೆದೇ ನಾವು ಕಲಿತಿದ್ದು" ಎನ್ನುವ ಹಿರಿಯರು ಬಸ್ಕಿ ಹೊಡೆಸಲು ಹೋಗುತ್ತಾರೆ. ಬೇಡ. ಹಾಗೆಯೇ "ಯಾರ ಪೈಕಿ ನೀನು?" "ಯಾವ ಬೀದಿ?" ಎಂದು ಕೇಳುವುದೂ ಬೇಡ. ಆ ಪ್ರಶ್ನೆಯ ಹಿಂದೆ ಇರುವುದು ಜಾತಿ ಎಂದು ಮೂರನೇ ತರಗತಿಯ ಮಗುವಿಗೂ ಗೊತ್ತು.

ಸಂಜೆ ಸ್ಕೂಟರಿನಲ್ಲಿ ಹೊರಟಾಗ ದಾರಿಯಲ್ಲಿ ನಡೆದು ಹೋಗುವ ಮಗು "ಅಣ್ಣ, ಡ್ರಾಪ್ ಕೊಡಿ" ಎನ್ನುತ್ತದೆ. ಕಬ್ಬಿನ ಗದ್ದೆಯ ನಡುವಿನ ದಾರಿ, ಬಿಸಿಲು, ಮನಸ್ಸು ಕೇಳುವುದಿಲ್ಲ. ಆದರೂ ಕೂರಿಸಿಕೊಳ್ಳಬೇಡಿ. ಮಗು ತೀರಾ ದೂರ ನಡೆಯಬೇಕಾಗಿದ್ದರೆ ಅದನ್ನು ಮುಖ್ಯ ಶಿಕ್ಷಕರಿಗೆ ಹೇಳಿ, ಶಾಲೆಯಿಂದಲೇ ಏನಾದರೂ ವ್ಯವಸ್ಥೆ ಆಗಲಿ. ಮಕ್ಕಳಿಗೆ ನಿಮ್ಮ ಫೋನ್ ನಂಬರ್ ಕೊಡಬೇಡಿ, ಅವರದ್ದು ತೆಗೆದುಕೊಳ್ಳಬೇಡಿ. ಇನ್‌ಸ್ಟಾಗ್ರಾಂನಲ್ಲಿ ಹೈಸ್ಕೂಲ್ ಹುಡುಗಿ ರಿಕ್ವೆಸ್ಟ್ ಕಳಿಸಿದರೆ ಒಪ್ಪಿಕೊಳ್ಳಬೇಡಿ, ಮಾರನೇ ವಾರ ತರಗತಿಯಲ್ಲೇ ಎಲ್ಲರಿಗೂ ಹೇಳಿಬಿಡಿ, ನಾನು ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ ಎಂದು. ಫೋಟೋ ತೆಗೆಯುವುದಾದರೆ ಶಾಲೆಯ ಮತ್ತು ಪೋಷಕರ ಒಪ್ಪಿಗೆ ಬೇಕು. ಮಗುವಿನ ಮುಖ, ಹೆಸರು, ಊರು ಮೂರೂ ಒಟ್ಟಿಗೆ ಸ್ಟೇಟಸ್‌ನಲ್ಲಿ ಹಾಕುವ ಅಭ್ಯಾಸವನ್ನು ಬಿಟ್ಟುಬಿಡಿ. ಒಂದೇ ಮಗುವಿಗೆ ಉಡುಗೊರೆ, ದುಡ್ಡು ಕೊಡುವುದೂ ಬೇಡ.

ದಸರಾ ವಸ್ತುಪ್ರದರ್ಶನ, ಮೃಗಾಲಯ, ರಂಗನತಿಟ್ಟು ಎಂದು ಮಕ್ಕಳನ್ನು ಕರೆದುಕೊಂಡು ಹೋಗುವ ಆಸೆ ಎಲ್ಲರಿಗೂ ಬರುತ್ತದೆ. ಪ್ರವಾಸ ಶಾಲೆಯದ್ದಾಗಿರಬೇಕು, ಇಲಾಖೆಯ ಅನುಮತಿ, ಪೋಷಕರ ಸಹಿ, ಜೊತೆಗೆ ಶಿಕ್ಷಕಿಯರು ಇರಬೇಕು. ಮಂಡ್ಯದ ಕಡೆ ನಾಲೆಗಳು ಊರಿನ ಪಕ್ಕದಲ್ಲೇ ಹರಿಯುತ್ತವೆ. ನಾಲೆಯ ಏರಿಯ ಮೇಲೆ ಮಕ್ಕಳನ್ನು ಸುಮ್ನೆ ಸುತ್ತಾಡಿಸಲು ಎಂದೂ ಹೋಗಬೇಡಿ.

ಮಗು ಏನಾದರೂ ಹೇಳಿದರೆ

ಹೊರಗಿನಿಂದ ಬಂದವರ ಬಳಿ ಮಕ್ಕಳು ಕೆಲವೊಮ್ಮೆ ಮನೆಯಲ್ಲಿ ಹೇಳದ್ದನ್ನು ಹೇಳುತ್ತಾರೆ. ಕೇಳಿಸಿಕೊಳ್ಳಿ. ಅಡ್ಡ ಮಾತಾಡಬೇಡಿ. "ನಿಜವಾ?" ಎಂದು ಮತ್ತೆ ಮತ್ತೆ ಕೆದಕಬೇಡಿ. "ಯಾರಿಗೂ ಹೇಳಲ್ಲ" ಎಂದು ಭಾಷೆ ಕೊಡಬೇಡಿ, ಉಳಿಸಿಕೊಳ್ಳಲು ಆಗುವುದಿಲ್ಲ. "ನೀನು ಹೇಳಿದ್ದು ಒಳ್ಳೇದಾಯ್ತು. ನಿನ್ನ ತಪ್ಪಿಲ್ಲ. ಸಹಾಯ ಮಾಡೋರಿಗೆ ನಾನು ಹೇಳ್ತೀನಿ" ಎನ್ನಿ. ಅದಾದ ಕೂಡಲೇ ಮಗು ಆಡಿದ ಮಾತುಗಳನ್ನೇ ತಾರೀಖು, ಸಮಯದ ಜೊತೆ ಬರೆದಿಟ್ಟುಕೊಳ್ಳಿ.

ಲೈಂಗಿಕ ದೌರ್ಜನ್ಯದ ಅನುಮಾನ ಬಂದರೂ ಸಾಕು, ಪೋಕ್ಸೋದ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದು ಶಿಕ್ಷಕರಿಗೆ ಮಾತ್ರವಲ್ಲ, ಎಲ್ಲರಿಗೂ ಅನ್ವಯಿಸುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಎರಡೂ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕ್ರಮ ಆಗದಂತೆ ಕಾಯ್ದೆಯೇ ಕಾಪಾಡುತ್ತದೆ. ಮುಖ್ಯ ಶಿಕ್ಷಕರಿಗೆ ಹೇಳಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. "ಶಾಲೆ ಹೆಸರು ಕೆಡುತ್ತೆ, ನಾವೇ ಒಳಗೆ ವಿಚಾರಿಸ್ತೀವಿ" ಎಂದರೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098 ದಿನದ 24 ಗಂಟೆಯೂ ಇದೆ, ಪೊಲೀಸರಿಗೆ 112. ಅಲ್ಲಿಂದ ಮುಂದೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಪೊಲೀಸರು 24 ಗಂಟೆಯೊಳಗೆ ವರದಿ ಮಾಡಬೇಕು. ಮಗುವಿನ ಹೆಸರನ್ನು ನಿಮ್ಮ ಸ್ವಯಂಸೇವಕರ ಗುಂಪಿನಲ್ಲೂ ಬರೆಯಬೇಡಿ.

ಪ್ರತಿ ಸಲ ಹೋದಾಗಲೂ ಸಂದರ್ಶಕರ ಪುಸ್ತಕದಲ್ಲಿ ಬಂದ ಹೊತ್ತು, ಹೋದ ಹೊತ್ತು ಬರೆದು ಸಹಿ ಮಾಡಿ. ಪೊಲೀಸ್ ಪತ್ರ ಹೇಳುವುದು ಅದು ಸಿಕ್ಕ ದಿನದವರೆಗಿನ ಕಥೆ ಮಾತ್ರ. ಹಾಗಾಗಿ ನಮ್ಮ ಗುಂಪಿನಲ್ಲಿ ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಹೊಸದಾಗಿ ಮಾಡಿಸುತ್ತೇವೆ, ಹಳಬರಿಗೂ ಬಿಡುವುದಿಲ್ಲ. ಹೋಗುವುದನ್ನು ನಿಲ್ಲಿಸುವ ಹಾಗಿದ್ದರೆ ಇದ್ದಕ್ಕಿದ್ದಂತೆ ಮಾಯವಾಗಬೇಡಿ. ಒಂದು ವಾರ ಮುಂಚೆ ಮಕ್ಕಳಿಗೆ ಹೇಳಿ, ಗುರುತಿನ ಚೀಟಿಯನ್ನು ಕಚೇರಿಗೆ ವಾಪಸ್ ಕೊಟ್ಟು, ಶಾಲೆಯ ವಾಟ್ಸಾಪ್ ಗುಂಪಿನಿಂದ ಹೊರಗೆ ಬನ್ನಿ.