ಬುಡಕಟ್ಟು ಕಲಾವಿದರೇ, ಆರ್ಡರ್ ಒಪ್ಪುವ ಮುಂಚೆ

ಮೂಲನಿವಾಸಿ ಸಮುದಾಯದಿಂದ ಬಂದು ಚಿತ್ರ, ನೇಯ್ಗೆ, ಮಣಿಕೆಲಸ ಮಾರುವವರಿಗೆ ಒಂದು ಸಲಹೆ. ಯಾವುದು ಮಾರಾಟಕ್ಕಿದೆ, ಯಾವುದು ಇಲ್ಲ ಅಂತ ಮೊದಲೇ ಒಂದು ಹಾಳೆಯಲ್ಲಿ ಬರೆದಿಡಿ. ಪೂಜೆಗೆ, ಕುಲಕ್ಕೆ ಸೇರಿದ ವಿನ್ಯಾಸಗಳಾದರೆ ಹಿರಿಯರನ್ನು ಕೇಳಿಯೇ ತೀರ್ಮಾನಿಸಿ. ಯಾರೋ ದೊಡ್ಡ ಮೊತ್ತ ಹೇಳಿದಾಗ ಮನಸ್ಸು ಅಲುಗಾಡುತ್ತದೆ, ಅಲ್ವಾ? ಆಗ ಈ ಹಾಳೆ ಕೈ ಹಿಡಿಯುತ್ತದೆ.

ಒಪ್ಪಂದ ಬಂದರೆ ಒಂದು ವಿಷಯ ಚೆನ್ನಾಗಿ ನೋಡಿ: ಅವರು ಕೇಳುತ್ತಿರುವುದು ಲೈಸೆನ್ಸೋ (ಚಿತ್ರ ಬಳಸಲು ಮಿತಿಯೊಳಗಿನ ಅನುಮತಿ), ಪೂರ್ತಿ ಕಾಪಿರೈಟೋ (ಚಿತ್ರ ನಕಲು ಮಾಡುವ, ಬಳಸುವ ಹಕ್ಕಿನ ಒಡೆತನ)? ಲೈಸೆನ್ಸ್ ಆದರೆ ಎಷ್ಟು ವರ್ಷ, ಯಾವ ವಸ್ತುಗಳ ಮೇಲೆ, ಯಾವ ದೇಶಗಳಲ್ಲಿ ಅನ್ನುವುದು ಬರಹದಲ್ಲಿರಲಿ. ಕಾಪಿರೈಟ್ ಬರೆದುಕೊಟ್ಟರೆ ನಿಮ್ಮದೇ ಚಿತ್ರ ಬಳಸಲು ನೀವೇ ಅನುಮತಿ ಕೇಳಬೇಕಾಗಬಹುದು. ಹೀಗೆ ಬಿಗಿಯಾಗಿ ಕೇಳುವುದು ಜಗಳಗಂಟತನ ಅಲ್ಲ. ವಿಶ್ವಸಂಸ್ಥೆಯ 2007ರ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯ 31ನೇ ವಿಧಿಯೇ ನಿಮ್ಮ ಸಂಸ್ಕೃತಿಯ ಮೇಲೆ ನಿಮಗೆ ಹಿಡಿತವಿದೆ ಎನ್ನುತ್ತದೆ. ಆದರೆ ಅದು ಘೋಷಣೆ, ಕಾನೂನಲ್ಲ. ಅದಕ್ಕೇ ಕಾಗದ ಬೇಕು. ಆಸ್ಟ್ರೇಲಿಯಾದಲ್ಲಿ ಅನುಮತಿಯಿಲ್ಲದೆ ತಮ್ಮ ಚಿತ್ರಗಳನ್ನು ಕಾರ್ಪೆಟ್ ಮೇಲೆ ಹಾಕಿದಾಗ ಮೂಲನಿವಾಸಿ ಕಲಾವಿದರು ಕೋರ್ಟಿಗೆ ಹೋಗಿ, 1994ರಲ್ಲಿ ಗೆದ್ದರು. ಕಾಲ ಕೆಳಗೆ ತುಳಿಯುವ ವಸ್ತುವಿನ ಮೇಲೆ ಪವಿತ್ರ ಚಿತ್ರ ಬಂದದ್ದರ ನೋವನ್ನೂ ಕೋರ್ಟ್ ಲೆಕ್ಕಕ್ಕೆ ತೆಗೆದುಕೊಂಡು ಪರಿಹಾರ ಕೊಟ್ಟಿತು.

ನಿಮ್ಮ ಕೆಲಸ ಬೇಡ ಅನ್ನುವವರೂ ಸಿಗುತ್ತಾರೆ. ಒಬ್ಬರೇ ಕೂತು ಕೊರಗಬೇಡಿ. ಇದೇ ಕೆಲಸ ಮಾಡುವ ಇಬ್ಬರು ಮೂವರ ಜೊತೆ ಬೆಲೆ, ಗಿರಾಕಿಗಳ ಬಗ್ಗೆ ಮುಕ್ತವಾಗಿ ಮಾತಾಡಿ. ಬೆಲೆ ಗುಟ್ಟಾಗಿದ್ದರೆ ಲಾಭ ಮಧ್ಯವರ್ತಿಗೇ ಜಾಸ್ತಿ.

"ದುಡ್ಡಿಲ್ಲ, ಆದರೆ ಪ್ರಚಾರ ಸಿಗುತ್ತೆ" ಅನ್ನುವವರಿಗೆ ಉದ್ದ ವಿವರಣೆ ಬೇಡ. ಸುಮ್ನೆ ದರಪಟ್ಟಿ ಕಳಿಸಿ.