ಸರ್ಕಾರಿ ಶಾಲೆಯಲ್ಲಿ ಉರ್ದು ಬೇಕೆಂದರೆ ಪೋಷಕರು ಏನು ಮಾಡಬೇಕು

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕನ್ನಡದ ನಂತರ ಅತಿ ಹೆಚ್ಚು ಜನರ ಮಾತೃಭಾಷೆ ಉರ್ದು, ಶೇ 10.83. ಆದರೆ ನಿಮ್ಮ ಬಡಾವಣೆಯ ಶಾಲೆಗೆ ಉರ್ದು ಶಿಕ್ಷಕರು ಬೇಕೆಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋದಾಗ ಈ ಅಂಕಿಯನ್ನು ಯಾರೂ ಕೇಳುವುದಿಲ್ಲ. ‘ನಿಮ್ಮ ಶಾಲೆಯಲ್ಲಿ ಉರ್ದು ಮಕ್ಕಳೆಷ್ಟು?’ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಬಾಯಿಮಾತಿನಲ್ಲಿದ್ದರೆ ಸಾಲದು, ದಾಖಲಾತಿ ವಹಿಯಲ್ಲಿರಬೇಕು. ಬಹುತೇಕ ಬೇಡಿಕೆಗಳು ನಿಂತುಹೋಗುವುದು ಇಲ್ಲಿಯೇ.

ತೆಲಂಗಾಣ, ಬಿಹಾರ, ಉತ್ತರ ಪ್ರದೇಶಗಳಲ್ಲಿ ಉರ್ದು ಎರಡನೇ ಅಧಿಕೃತ ಭಾಷೆ. ಕರ್ನಾಟಕದಲ್ಲಿ ಹಾಗಿಲ್ಲ. 1963ರ ಅಧಿನಿಯಮದಂತೆ ಇಲ್ಲಿನ ಆಡಳಿತ ಭಾಷೆ ಕನ್ನಡ. ಆದ್ದರಿಂದ ಅರ್ಜಿಯಲ್ಲಿ ‘ಅಧಿಕೃತ ಭಾಷೆ’ಯ ಮಾತು ಬೇಡ. ನಿಮ್ಮ ಆಧಾರ ಭಾಷಾ ಅಲ್ಪಸಂಖ್ಯಾತರಿಗಿರುವ ರಕ್ಷಣೆ: ಸಂವಿಧಾನದ 350ಎ ವಿಧಿ (ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಕೆಗೆ ಸೌಲಭ್ಯ) ಮತ್ತು ಶಿಕ್ಷಣ ಹಕ್ಕು ಕಾಯ್ದೆಯ 29(2)(ಎಫ್) (ಕಲಿಕೆಯ ಮಾಧ್ಯಮ ಮಗುವಿನ ಮಾತೃಭಾಷೆ). ಎರಡರಲ್ಲೂ ಒಂದು ಸಡಿಲಿಕೆ ಇದೆ. ಮೊದಲನೆಯದು ರಾಜ್ಯ ‘ಪ್ರಯತ್ನಿಸಬೇಕು’ ಎನ್ನುತ್ತದೆ, ಎರಡನೆಯದು ‘ಕಾರ್ಯಸಾಧ್ಯವಾದಷ್ಟು’ ಎನ್ನುತ್ತದೆ. ಅಧಿಕಾರಿಗಳು ಜಾರಿಕೊಳ್ಳುವುದು ಈ ಸಂದಿಯಲ್ಲಿ. ಅದನ್ನು ಮುಚ್ಚಲು ನಿಮ್ಮಲ್ಲಿ ಲೆಕ್ಕ ಇರಬೇಕು.

ಮಾತೃಭಾಷೆ ಕಾಲಂ

ದಾಖಲಾತಿ ಅರ್ಜಿಯಲ್ಲಿ ಮಾತೃಭಾಷೆ ಎಂಬ ಕಾಲಂ ಇದೆ. ಅದರಲ್ಲಿ ‘ಮುಸ್ಲಿಂ’ ಎಂದು ಬರೆದಿರುವುದು, ‘ಹಿಂದಿ’ ಎಂದು ಬರೆದಿರುವುದು, ಪೋಷಕರನ್ನು ಕೇಳದೆಯೇ ‘ಕನ್ನಡ’ ಎಂದು ತುಂಬಿರುವುದು ಸಾಮಾನ್ಯ. ಹೀಗಾದರೆ ಮನೆಯಲ್ಲಿ ಉರ್ದು ಆಡುವ ಮೂವತ್ತು ಮಕ್ಕಳಿದ್ದರೂ ಇಲಾಖೆಯ ಲೆಕ್ಕದಲ್ಲಿ ಒಬ್ಬರೂ ಇಲ್ಲ.

‘ನಾವು ಆಡೋದು ದಖ್ಖನಿ, ಶುದ್ಧ ಉರ್ದು ಅಲ್ಲ’ ಎಂದು ಹಿಂಜರಿಯುವ ಪೋಷಕರಿದ್ದಾರೆ. ಬೀದರ್, ಕಲಬುರಗಿ, ವಿಜಯಪುರ ಕಡೆ ಮನೆಮಾತಾದ ದಖ್ಖನಿ ಆಡುವವರ ಮಕ್ಕಳು ಓದಿ ಬರೆಯಲು ಕಲಿಯುವುದು ಉರ್ದುವನ್ನೇ, ಹಾಗಾಗಿ ‘ಉರ್ದು’ ಎಂದು ಬರೆಸಲು ಅಳುಕಬೇಕಿಲ್ಲ. ಆದರೆ ಕರಾವಳಿಯ ಮುಸ್ಲಿಮರ ಬೇರೆ ಭಾಷೆಗಳಾದ ಬ್ಯಾರಿ ಅಥವಾ ನವಾಯತಿ ಆಡುವ ಮನೆಯ ಮಕ್ಕಳನ್ನು ಉರ್ದು ಪಟ್ಟಿಗೆ ಸೇರಿಸಬೇಡಿ. ಅದೇ ಜನಗಣತಿಯಲ್ಲಿ ರಾಜ್ಯದ ಮುಸ್ಲಿಮರ ಪ್ರಮಾಣ ಶೇ 12.92. ಉರ್ದು ಅದಕ್ಕಿಂತ ಕಡಿಮೆ ಇರುವುದೇ ಧರ್ಮ ಬೇರೆ, ಭಾಷೆ ಬೇರೆ ಎಂಬುದಕ್ಕೆ ಸಾಕ್ಷಿ. ಪರಿಶೀಲನೆಗೆ ಬಂದವರು ಮಗುವನ್ನೇ ಮಾತನಾಡಿಸುತ್ತಾರೆ. ನಾಲ್ಕು ಸುಳ್ಳು ಹೆಸರು ಸಿಕ್ಕರೆ ಇಡೀ ಪಟ್ಟಿಯ ಮೇಲೆ ನಂಬಿಕೆ ಹೋಗುತ್ತದೆ. ತಹಶೀಲ್ದಾರ್ ಕಚೇರಿಯ ಅಲ್ಪಸಂಖ್ಯಾತ ಪ್ರಮಾಣಪತ್ರ ಧರ್ಮಕ್ಕೆ ಸಂಬಂಧಿಸಿದ್ದು. ಅದನ್ನು ಲಗತ್ತಿಸಿದರೆ ಮಾತೃಭಾಷೆ ಸಾಬೀತಾಗುವುದಿಲ್ಲ.

ಈಗಾಗಲೇ ತಪ್ಪು ನಮೂದಾಗಿದ್ದರೆ ಮುಖ್ಯ ಶಿಕ್ಷಕರಿಗೆ ಎರಡು ಸಾಲಿನ ಅರ್ಜಿ ಕೊಡಿ. ಮಗುವಿನ ಹೆಸರು, ತರಗತಿ, ಎಸ್‌ಎಟಿಎಸ್ ಸಂಖ್ಯೆ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ಈಗ ಏನಿದೆ, ಏನಾಗಬೇಕು, ಇಷ್ಟು ಸಾಕು. ವಹಿಯಲ್ಲೂ ಆನ್‌ಲೈನಿನಲ್ಲೂ ಎರಡೂ ಕಡೆ ಬದಲಾಗಿದೆಯೇ ಎಂದು ಕಣ್ಣಾರೆ ನೋಡಿ. ಒಂದೇ ಕಡೆ ತಿದ್ದಿ ಬಿಡುವುದು ಹೆಚ್ಚು. 2027ರ ಜನಗಣತಿಯಲ್ಲೂ ಮಾತೃಭಾಷೆಯ ಪ್ರಶ್ನೆಗೆ ಪ್ರತಿಯೊಬ್ಬ ಸದಸ್ಯರ ಹೆಸರಿನ ಮುಂದೆ ಏನು ಬರೆದರು ಎಂದು ಗಣತಿದಾರರಿಂದ ಓದಿಸಿಕೊಳ್ಳಿ.

ಎಷ್ಟು ಮಕ್ಕಳು ಬೇಕು

1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದಿಂದ ಬಂದ, ಭಾಷಾ ಅಲ್ಪಸಂಖ್ಯಾತರ ರಕ್ಷಣಾ ಯೋಜನೆಯಲ್ಲಿ ಸೇರಿರುವ ಮಾನದಂಡ ಇದು: ಪ್ರಾಥಮಿಕ ಹಂತದಲ್ಲಿ ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು. ಎರಡೂ ಬೇಕಿಲ್ಲ, ಒಂದು ಸಾಕು. ಒಂದನೇ ತರಗತಿಗೆ ಏಳೇ ಮಕ್ಕಳಿದ್ದಾರೆ ಎಂದು ಕೈಬಿಡುವ ಮೊದಲು ಒಂದರಿಂದ ಐದರವರೆಗೆ ಕೂಡಿಸಿ ನೋಡಿ.

ಇದೇ ಯೋಜನೆಯಲ್ಲಿ ಮುಂಗಡ ನೋಂದಣಿ ವಹಿಯ ವ್ಯವಸ್ಥೆ ಇದೆ, ಇದು ಗೊತ್ತಿರುವವರು ಕಡಿಮೆ. ಶಾಲಾ ವರ್ಷ ಶುರುವಾಗುವ ಮೂರು ತಿಂಗಳು ಮೊದಲು ಪೋಷಕರು ತಮ್ಮ ಭಾಷಾ ಆಯ್ಕೆಯನ್ನು ಅದರಲ್ಲಿ ಬರೆಸಬೇಕು. ನಮ್ಮಲ್ಲಿ ಶಾಲೆ ಮೇ ಕೊನೆಗೆ ತೆರೆಯುತ್ತದೆ, ಆದ್ದರಿಂದ ಫೆಬ್ರವರಿ ಮುಗಿಯುವುದರೊಳಗೆ ಈ ಕೆಲಸ ಆಗಬೇಕು. ಜೂನ್‌ನಲ್ಲಿ ಕೇಳಿದರೆ ಹುದ್ದೆ ಹಂಚಿಕೆ ಮುಗಿದಿದೆ ಎಂಬ ಉತ್ತರ ಬರುತ್ತದೆ, ಅದರಲ್ಲಿ ನಿಜವೂ ಇರುತ್ತದೆ. ಶಾಲೆಯಲ್ಲಿ ಅಂಥ ವಹಿಯೇ ಇಲ್ಲದಿದ್ದರೆ ನೀವೇ ಒಂದು ಪಟ್ಟಿ ಮಾಡಿ: ಕ್ರಮಸಂಖ್ಯೆ, ಮಗುವಿನ ಹೆಸರು, ಹುಟ್ಟಿದ ದಿನಾಂಕ, ಮುಂದಿನ ವರ್ಷದ ತರಗತಿ, ಮಾತೃಭಾಷೆ, ಕೇಳುತ್ತಿರುವುದು ಉರ್ದು ಮಾಧ್ಯಮವೋ ಉರ್ದು ಭಾಷೆಯೋ, ಮನೆಯಿಂದ ಶಾಲೆಗಿರುವ ದೂರ, ಪೋಷಕರ ಸಹಿ. ಪ್ರತಿ ಪೋಷಕರೂ ತಾವೇ ಸಹಿ ಹಾಕಬೇಕು. ಮಾಧ್ಯಮದ ಆಯ್ಕೆ ಪೋಷಕರದು, ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಕರ್ನಾಟಕದ ಪ್ರಕರಣದಲ್ಲೇ ಹೇಳಿದೆ. ಜಮಾತಿನ ಲೆಟರ್‌ಹೆಡ್‌ನಲ್ಲಿ ಬಂದ ಒಂದು ಪತ್ರ ಐವತ್ತು ಸಹಿಗೆ ಸಮವಲ್ಲ.

ಅರ್ಜಿ

ಸಂಖ್ಯೆ ಮಾನದಂಡ ಮುಟ್ಟದಿದ್ದರೆ ಉರ್ದು ಮಾಧ್ಯಮ ಕೇಳಬೇಡಿ, ಉರ್ದುವನ್ನು ಒಂದು ಭಾಷೆಯಾಗಿ ಕಲಿಸಲು ಕೇಳಿ. ಒಬ್ಬ ಶಿಕ್ಷಕರಿಂದ ಆಗುವ ಕೆಲಸವದು, ಮಂಜೂರಾಗುವ ಸಾಧ್ಯತೆಯೂ ಹೆಚ್ಚು.

350ನೇ ವಿಧಿಯಂತೆ ಕುಂದುಕೊರತೆಯ ಮನವಿಯನ್ನು ಉರ್ದುವಿನಲ್ಲೇ ಕೊಡಬಹುದು. ಉರ್ದು ಪ್ರತಿಯ ಜೊತೆ ಕನ್ನಡ ಪ್ರತಿಯನ್ನೂ ಇಡಿ. ಕಡತ ಓಡಾಡುವುದು ಕನ್ನಡದಲ್ಲಿ, ಅನುವಾದಕ್ಕೆಂದು ಮೇಜಿನ ಮೇಲೆ ಕೂತರೆ ತಿಂಗಳುಗಟ್ಟಲೆ ಕೂರುತ್ತದೆ. ವಿಷಯದ ಸಾಲು ಹೀಗಿರಲಿ: ‘ನಮ್ಮ ಶಾಲೆಯಲ್ಲಿ 46 ಮಕ್ಕಳ ಮಾತೃಭಾಷೆ ಉರ್ದು ಇರುವುದರಿಂದ, 350ಎ ವಿಧಿಯನ್ವಯ ಮುಂದಿನ ಶೈಕ್ಷಣಿಕ ಸಾಲಿಗೆ ಉರ್ದು ಮಾಧ್ಯಮ ವಿಭಾಗ ತೆರೆದು, ಉರ್ದು ಎಂದೇ ನಮೂದಿಸಿದ ಶಿಕ್ಷಕರ ಹುದ್ದೆ ಮಂಜೂರು ಮಾಡುವ ಬಗ್ಗೆ.’ ಕೊನೆಯ ಮಾತು ಮುಖ್ಯ. ಹುದ್ದೆಯ ಮುಂದೆ ಉರ್ದು ಎಂದಿಲ್ಲದಿದ್ದರೆ ವರ್ಗಾವಣೆಯಲ್ಲಿ ಉರ್ದು ಬಾರದ ಶಿಕ್ಷಕರು ಬಂದು ಕೂರುತ್ತಾರೆ, ಹುದ್ದೆ ಭರ್ತಿಯಾಗಿದೆ ಎಂದು ಲೆಕ್ಕವೂ ಸೇರುತ್ತದೆ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಿ, ನಡಾವಳಿಯ ನಕಲು ಲಗತ್ತಿಸಿ. ಮೂಲ ಪ್ರತಿ ಬಿಇಒಗೆ, ನಕಲುಗಳು ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕ) ಕಚೇರಿಗೆ ಮತ್ತು ಬೆಂಗಳೂರಿನಲ್ಲಿರುವ ಉರ್ದು ಮತ್ತು ಇತರ ಅಲ್ಪಸಂಖ್ಯಾತ ಭಾಷಾ ಶಾಲೆಗಳ ನಿರ್ದೇಶನಾಲಯಕ್ಕೆ ಹೋಗಲಿ. ಸ್ವೀಕೃತಿಯಲ್ಲಿ ಮೊಹರು, ದಿನಾಂಕ, ಟಪಾಲು ಸಂಖ್ಯೆ ಮೂರೂ ಇರಲಿ.

ಉತ್ತರ ಬಾರದಿದ್ದರೆ

ಮಾಹಿತಿ ಹಕ್ಕಿನಲ್ಲಿ ಕೇಳಿ. ಇಲ್ಲಿ ಒಂದು ಎಚ್ಚರ: 350ನೇ ವಿಧಿಯ ಮನವಿಯಂತೆ ಇದನ್ನು ಉರ್ದುವಿನಲ್ಲಿ ಬರೆಯಲಾಗದು. ಕಾಯ್ದೆ ಒಪ್ಪುವುದು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯನ್ನು, ಅಂದರೆ ಇಲ್ಲಿ ಕನ್ನಡವನ್ನು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದಗಳ ಮಿತಿ, ಶುಲ್ಕ 10 ರೂಪಾಯಿ. ತಾಲ್ಲೂಕಿನಲ್ಲಿ ಮಂಜೂರಾದ ಉರ್ದು ಹುದ್ದೆಗಳೆಷ್ಟು, ಖಾಲಿ ಎಷ್ಟು, ಎಂದಿನಿಂದ ಖಾಲಿ, ಯಾವ ಪ್ರವರ್ಗಕ್ಕೆ ಮೀಸಲು ಎಂದು ಕೇಳಿ. ಮೀಸಲಾದ ಪ್ರವರ್ಗದಲ್ಲಿ ಉರ್ದು ಬಲ್ಲ ಅಭ್ಯರ್ಥಿ ಸಿಗದೆ ವರ್ಷಗಟ್ಟಲೆ ಖಾಲಿ ಉಳಿದ ಹುದ್ದೆಗಳಿರುತ್ತವೆ. ಹುದ್ದೆ ತುಂಬುವವರೆಗೆ ಅತಿಥಿ ಶಿಕ್ಷಕರನ್ನು ಕೊಡಿ ಎಂದು ಕೇಳಲು ಈ ಉತ್ತರವೇ ಆಧಾರ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ನಂತರ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಬರೆಯಿರಿ. ಈ ಕಚೇರಿ 350ಬಿ ವಿಧಿಯಂತೆ 1957ರಲ್ಲಿ ಶುರುವಾಯಿತು. ಆಯುಕ್ತರು ಆದೇಶ ಹೊರಡಿಸುವಂತಿಲ್ಲ. ರಾಜ್ಯದಿಂದ ವಿವರಣೆ ಕೇಳಬಹುದು, ಶಿಫಾರಸು ಮಾಡಬಹುದು. ಅವರ ವರದಿ ರಾಷ್ಟ್ರಪತಿಗಳ ಮೂಲಕ ಸಂಸತ್ತಿನ ಮುಂದೆ ಹೋಗುತ್ತದೆ. ಅವರಿಗೆ ಕಳಿಸುವ ಕಟ್ಟಿನಲ್ಲಿ ಮೊಹರಿರುವ ಸ್ವೀಕೃತಿ, ಸಹಿಯ ಪಟ್ಟಿ, ಮಾಹಿತಿ ಹಕ್ಕಿನ ಉತ್ತರ ಮೂರೂ ಇದ್ದರೆ ಮಾತ್ರ ಅವರು ಕೇಳುವ ವಿವರಣೆಗೆ ತೂಕ ಬರುತ್ತದೆ.

ವಿಭಾಗ ಮಂಜೂರಾದ ಮೇಲೆ

ಉರ್ದು ಪಠ್ಯಪುಸ್ತಕಗಳ ಬೇಡಿಕೆಪಟ್ಟಿ ಸಕಾಲಕ್ಕೆ ಹೋಗಿದೆಯೇ ಎಂದು ಮುಖ್ಯ ಶಿಕ್ಷಕರನ್ನು ಕೇಳಿ. ಹೊಸ ವಿಭಾಗಕ್ಕೆ ಹಿಂದಿನ ವರ್ಷದ ಅಂಕಿಯೇ ಇರದ ಕಾರಣ ಪುಸ್ತಕ ಬಾರದೇ ಇರಬಹುದು. ಪುಸ್ತಕ ಬರುವವರೆಗೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದ ಪಿಡಿಎಫ್ ಮುದ್ರಿಸಿಕೊಳ್ಳಬಹುದು.

ಶಾಲೆಯ ಫಲಕದಲ್ಲಿ ಕನ್ನಡ ಮೇಲೆ ದೊಡ್ಡದಾಗಿರಲಿ, ಕೆಳಗೆ ಉರ್ದು ಇರಲಿ. ಮಹಾರಾಷ್ಟ್ರದ ಪಾತೂರು ಪುರಸಭೆಯ ಫಲಕದಲ್ಲಿ ಮರಾಠಿಯ ಜೊತೆ ಉರ್ದು ಇರಬಹುದೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಎತ್ತಿಹಿಡಿದಿದೆ. ಫ್ಲೆಕ್ಸ್ ಅಂಗಡಿಗೆ ಉರ್ದುವನ್ನು ಟೈಪ್ ಮಾಡಿದ ಪಠ್ಯವಾಗಿ ಕೊಟ್ಟರೆ ಬಲದಿಂದ ಎಡಕ್ಕೆ ಹೋಗುವ ಸಾಲು ತಿರುಗಿ, ಕೂಡಿರಬೇಕಾದ ಅಕ್ಷರಗಳು ಬಿಡಿಬಿಡಿಯಾಗಿ ಅಚ್ಚಾಗುತ್ತವೆ. ಪಿಡಿಎಫ್ ಅಥವಾ ಚಿತ್ರವಾಗಿ ಕೊಡಿ, ಅಚ್ಚಿಗೆ ಮುನ್ನ ಉರ್ದು ಓದಬಲ್ಲವರಿಂದ ನೋಡಿಸಿ.

ಕನ್ನಡವನ್ನು ಮಾತ್ರ ಸಡಿಲ ಬಿಡಬೇಡಿ. 2015ರ ಕನ್ನಡ ಕಲಿಕಾ ಅಧಿನಿಯಮದಂತೆ ಅದು ಮೊದಲ ಅಥವಾ ಎರಡನೇ ಭಾಷೆಯಾಗಿ ಇರಲೇಬೇಕು, ರಾಜ್ಯದ ನೌಕರಿಗೂ ಅದೇ ದಾರಿ. ಉರ್ದು ವಿಭಾಗದಲ್ಲಿ ಕನ್ನಡಕ್ಕೆ ಶಿಕ್ಷಕರಿಲ್ಲದಿದ್ದರೆ ಅದಕ್ಕೂ ಬೇರೆಯೇ ಅರ್ಜಿ ಹಾಕಿ. ಮಗು ಏಳನೇ ತರಗತಿಗೆ ಬಂದ ವರ್ಷವೇ ಹತ್ತಿರದ ಯಾವ ಪ್ರೌಢಶಾಲೆಯಲ್ಲಿ ಉರ್ದು ಪ್ರಥಮ ಭಾಷೆಯಾಗಿದೆ ಎಂದು ವಿಚಾರಿಸಿ. ಎಲ್ಲಿಯೂ ಇಲ್ಲವಾದರೆ ಆ ಫೆಬ್ರವರಿಯಲ್ಲೇ ಪ್ರೌಢಶಾಲೆಗೂ ಇದೇ ಬಗೆಯ ಪಟ್ಟಿ ಹೋಗಬೇಕು.