ಒಂದು ನೆಗೆತಕ್ಕೆ ಒಂದೇ ಕ್ಲಿಕ್: ಕಾಲೇಜು ಬ್ಯಾಸ್ಕೆಟ್‌ಬಾಲ್‌ಗೆ ನಾನು ಫ್ಲ್ಯಾಶ್ ಕಟ್ಟುವ ರೀತಿ

ಸಣ್ಣ ಕಾಲೇಜಿನ ಜಿಮ್ ಒಳಗೆ ಕಣ್ಣಿಗೆ ಬೇಕಾದಷ್ಟು ಬೆಳಕಿರುತ್ತೆ. ಕ್ಯಾಮೆರಾಗೆ ಅದು ಸಾಲುವುದಿಲ್ಲ. ನಾನಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ವಾರವೆಲ್ಲ ಕಂಪ್ಯೂಟರ್ ಮುಂದೆ ಕೆಲಸ. ನವೆಂಬರ್‌ನಿಂದ ಫೆಬ್ರವರಿ ತನಕ ಶನಿವಾರ ಬಂತೆಂದರೆ ಪಕ್ಕದೂರಿನ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯದ ಫೋಟೊ ತೆಗೆಯುತ್ತೇನೆ. ಅದು ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಡಿವಿಷನ್ 3ರ ಕಾಲೇಜು. ಈ ಮಟ್ಟದಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ಟಿವಿಯವರೂ ಬರುವುದಿಲ್ಲ. ಹಾಗಾಗಿ ಟಿವಿಗೆ ಬೇಕಾದಂಥ ದೀಪಗಳೂ ಛಾವಣಿಯಲ್ಲಿಲ್ಲ.

"ಈಗಿನ ಕ್ಯಾಮೆರಾದಲ್ಲಿ ಐಎಸ್‌ಒ ಏರಿಸಿದ್ರೆ ಆಯ್ತಲ್ವಾ, ಲೈಟ್ ಎಲ್ಲ ಯಾಕೆ ಹೊರ್ತೀಯಾ ಮಾರಾಯ?" ಅಂತ ಬೆಂಗಳೂರಿನ ಗೆಳೆಯ ಕೇಳುತ್ತಾನೆ. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಳತೆ. ಅವನು ಹೇಳೋದು ಅರ್ಧ ನಿಜ. ಐಎಸ್‌ಒ 3200, ಎಫ್/2.8, 1/500 ಸೆಕೆಂಡ್ ಇಟ್ಟರೆ ಈ ಜಿಮ್‌ನಲ್ಲಿ ಫೋಟೊ ಬರುತ್ತೆ. ಗ್ರೇನ್ (ಐಎಸ್‌ಒ ಏರಿಸಿದಾಗ ಬರುವ ಕಾಳುಕಾಳು) ಕೂಡ ಈಗ ದೊಡ್ಡ ತಲೆನೋವಲ್ಲ. ತೊಂದರೆ ಇರುವುದು ಬೆಳಕು ಬರುವ ದಿಕ್ಕಿನಲ್ಲಿ. ದೀಪಗಳೆಲ್ಲ ನೆತ್ತಿಯ ಮೇಲೇ ಇವೆ. ಹುಡುಗ ರಿಮ್ (ಬಾಸ್ಕೆಟ್ಟಿನ ಬಳೆ) ಕಡೆ ನೋಡುತ್ತಾ ನೆಗೆದರೆ ಮುಖಕ್ಕೆ ಸ್ವಲ್ಪ ಬೆಳಕು ಸಿಗುತ್ತೆ. ತಲೆ ತಗ್ಗಿಸಿ ಡ್ರಿಬಲ್ ಮಾಡಿಕೊಂಡು ಬರುವವನ ಕಣ್ಣು ಇರುವ ಜಾಗದಲ್ಲಿ ಎರಡು ಕಪ್ಪು ಗುಂಡಿ, ಅಷ್ಟೇ. ಇದರ ಜೊತೆಗೆ ಹಿಂದಿನ ಖಾಲಿ ಬೆಂಚುಗಳು, ಕೆಂಪು ಎಕ್ಸಿಟ್ ಬೋರ್ಡು, ಪಾಪ್‌ಕಾರ್ನ್ ಟೇಬಲ್ಲು ಎಲ್ಲವೂ ಆಟಗಾರನಷ್ಟೇ ಬೆಳಗುತ್ತವೆ. ಸ್ಟ್ರೋಬ್, ಅಂದರೆ ದೊಡ್ಡ ಫ್ಲ್ಯಾಶ್ ಲೈಟು, ಹಾಕಿದರೆ ಬೆಳಕನ್ನು ನಾನು ಬೇಕಾದ ಕಡೆಯಿಂದ ತರಬಹುದು. ಹಿಂದಿನ ಸಂತೆಯೆಲ್ಲ ಕತ್ತಲಲ್ಲಿ ಮುಳುಗುತ್ತೆ.

ಅಂದಹಾಗೆ, ಈ ಆಟವೂ ಈ ಬೆಳಕೂ ಒಂದೇ ರಾಜ್ಯದವು. 1891ರ ಡಿಸೆಂಬರ್‌ನಲ್ಲಿ ಜೇಮ್ಸ್ ನೈಸ್ಮಿತ್ ಹಣ್ಣಿನ ಬುಟ್ಟಿ ನೇತುಹಾಕಿ ಬ್ಯಾಸ್ಕೆಟ್‌ಬಾಲ್ ಶುರು ಮಾಡಿದ್ದು ಇಲ್ಲಿನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. 1930ರ ದಶಕದಲ್ಲಿ ಹೆರಾಲ್ಡ್ ಎಡ್ಜರ್ಟನ್ ಎಲೆಕ್ಟ್ರಾನಿಕ್ ಫ್ಲ್ಯಾಶ್ ಅನ್ನು ಪಳಗಿಸಿದ್ದು ಕೇಂಬ್ರಿಜ್‌ನ ಎಂಐಟಿಯಲ್ಲಿ. ಎರಡೂ ಊರುಗಳು ನನಗೆ ಕಾರಿನ ದಾರಿ.

ದೊಡ್ಡ ವಿಶ್ವವಿದ್ಯಾಲಯಗಳ ಅರೀನಾಗಳಲ್ಲಿ ಛಾವಣಿಗೆ ಹೊಂದಿದ ಕ್ಯಾಟ್‌ವಾಕ್, ಅಂದರೆ ಕೆಲಸದವರು ಓಡಾಡುವ ಕಿರಿದಾದ ಸೇತುವೆ, ಇರುತ್ತೆ. ಅಲ್ಲಿ ಸ್ಪೀಡೋಟ್ರಾನ್‌ನಂಥ 2400 ವಾಟ್-ಸೆಕೆಂಡಿನ (ಇದು ಫ್ಲ್ಯಾಶ್‌ನ ಶಕ್ತಿಯ ಅಳತೆ) ಪ್ಯಾಕುಗಳನ್ನು ಕಟ್ಟುತ್ತಾರೆ. ನಮ್ಮ ಜಿಮ್‌ನಲ್ಲಿ ಕ್ಯಾಟ್‌ವಾಕ್ ಇಲ್ಲ. ಅದಕ್ಕಿಂತ ಒಳ್ಳೆಯದೊಂದು ಇದೆ. ಮ್ಯಾಸಚೂಸೆಟ್ಸ್ ಸೇರಿದ ನ್ಯೂ ಇಂಗ್ಲೆಂಡ್ ಪ್ರದೇಶದ ಹಳೆಯ ಜಿಮ್‌ಗಳಲ್ಲಿ ಅಂಕಣದ ಸುತ್ತ, ಮೊದಲ ಮಹಡಿಯ ಎತ್ತರದಲ್ಲಿ, ಓಡುವುದಕ್ಕೆಂದು ಕಿರಿದಾದ ಟ್ರ್ಯಾಕ್ ಇರುವುದುಂಟು. ಅದರ ಕಬ್ಬಿಣದ ಕಟಕಟೆ ಕ್ಲ್ಯಾಂಪ್ ಹಾಕೋಕೆ ಹೇಳಿ ಮಾಡಿಸಿದ ಹಾಗಿದೆ.

ನನ್ನ ಹತ್ತಿರ ಇರುವುದು ಪಾಲ್ ಸಿ. ಬಫ್ ಕಂಪನಿಯ ಐನ್‌ಸ್ಟೈನ್ ಲೈಟುಗಳು, ತಲಾ 640 ವಾಟ್-ಸೆಕೆಂಡ್. ಎರಡನ್ನು ನಾನು ಕೂರುವ ಬೇಸ್‌ಲೈನ್ (ಬಾಸ್ಕೆಟ್ ಹಿಂದಿನ ಗೆರೆ) ಕಡೆಯ ಎರಡು ಮೂಲೆಗಳಲ್ಲಿ ಕಟ್ಟುತ್ತೇನೆ. ಮೂರನೆಯದು ಎದುರುಗಡೆ, ಒಂದು ಸ್ಟಾಪ್ ಕಮ್ಮಿ ಪವರ್‌ನಲ್ಲಿ. ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ಎರಡರಷ್ಟು. ಅದು ಭುಜಕ್ಕೂ ಕೂದಲಿಗೂ ಹಿಂದಿನಿಂದ ಒಂದು ಬೆಳಕಿನ ಅಂಚು ಕೊಡುತ್ತೆ. ಲೆನ್ಸ್ ಒಳಗೆ ನೇರವಾಗಿ ಹೊಡೆದರೆ ಫ್ಲೇರ್ ಬರುತ್ತೆ. ಹಾಗಾಗಿ ಅದನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಇಡಬೇಕು. ನಾಲ್ಕೂ ಮೂಲೆಗೆ ಸಮಾನ ಪವರ್‌ನಲ್ಲಿ ಹಾಕುವವರೂ ಇದ್ದಾರೆ. ನನಗದು ಇಷ್ಟವಿಲ್ಲ. ಒಬ್ಬ ಆಟಗಾರನ ಕಾಲಡಿಯಿಂದ ನಾಲ್ಕು ನೆರಳು ನಾಲ್ಕು ದಿಕ್ಕಿಗೆ ಹೋಗುತ್ತವೆ, ಮುಖದ ಮೇಲೆ ಏರಿಳಿತವೇ ಇರುವುದಿಲ್ಲ.

94 ಅಡಿ ಉದ್ದದ ಅಂಕಣವನ್ನು ಪೂರ್ತಿ ಬೆಳಗಿಸುವ ಆಸೆಯನ್ನೂ ಬಿಟ್ಟಿದ್ದೇನೆ. ನನ್ನ ಮುಂದಿನ ಅರ್ಧ ಸಾಕು. ಹಾಫ್‌ಟೈಮ್ ಆದ ಮೇಲೆ ತಂಡಗಳ ಕಡೆ ಬದಲಾಗುತ್ತೆ. ಒಂದು ಅರ್ಧದಲ್ಲಿ ನಮ್ಮ ಹುಡುಗರು ಬಾಸ್ಕೆಟ್ ಹೊಡೆಯುವುದು ಸಿಗುತ್ತೆ, ಇನ್ನೊಂದರಲ್ಲಿ ಅವರ ಡಿಫೆನ್ಸು, ರಿಬೌಂಡು. ಕಾಲೇಜಿನವರಿಗೆ ಎರಡೂ ಬೇಕು.

ಲೈಟನ್ನು ಎಲ್ಲಿಗೆ ಗುರಿ ಇಡಬೇಕು ಅನ್ನೋದು ಸ್ವಲ್ಪ ತಮಾಷೆಯ ವಿಷಯ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಲೈಟಿನಿಂದ 30 ಅಡಿಯಲ್ಲಿ ನಿಂತವನಿಗೂ 60 ಅಡಿಯಲ್ಲಿ ನಿಂತವನಿಗೂ ಎರಡು ಸ್ಟಾಪ್ ವ್ಯತ್ಯಾಸ. ರಿಮ್ ಕೆಳಗೇ ಗುರಿ ಇಟ್ಟರೆ ಅಲ್ಲಿ ಬಿಳಚಿಕೊಳ್ಳುತ್ತೆ, ಮೂರು ಪಾಯಿಂಟ್ ಗೆರೆಯಲ್ಲಿ ಕತ್ತಲೆ. ಅದಕ್ಕೆ 11 ಇಂಚಿನ ಲಾಂಗ್ ಥ್ರೋ ರಿಫ್ಲೆಕ್ಟರ್ ಹಾಕಿ, ಬೆಳಕಿನ ನಡುಭಾಗ ದೂರದ ಮೂರು ಪಾಯಿಂಟ್ ಗೆರೆಯ ಆಚೆ ಬೀಳುವ ಹಾಗೆ ತಿರುಗಿಸುತ್ತೇನೆ. ಹತ್ತಿರ ಇರುವವರಿಗೆ ಬೆಳಕಿನ ಅಂಚು ಮಾತ್ರ ಸಿಗುತ್ತೆ. ಆಮೇಲೆ ಲೈಟ್ ಮೀಟರ್ ಹಿಡಿದು ಫ್ರೀ ಥ್ರೋ ಗೆರೆ, ಎರಡು ಮೂಲೆ, ರಿಮ್ ಕೆಳಗೆ ಎಲ್ಲ ಕಡೆ ನಿಂತು ನೋಡುತ್ತೇನೆ. ಅರ್ಧ ಸ್ಟಾಪ್‌ನ ಒಳಗೆ ಬಂದರೆ ಅಲ್ಲಿಗೆ ನಿಲ್ಲಿಸುತ್ತೇನೆ. ಮೀಟರನ್ನು ಎದೆಯ ಮಟ್ಟದಲ್ಲಿ ಹಿಡಿದರೆ ಸಾಲದು. ರಿಮ್ ಇರುವುದು 10 ಅಡಿ ಮೇಲೆ, ಆಟಗಾರರ ಮುಖ ಅರ್ಧ ಹೊತ್ತು ಗಾಳಿಯಲ್ಲೇ ಇರುತ್ತೆ. ನಾನು ಮೀಟರನ್ನು ಒಂದು ಕೋಲಿನ ತುದಿಗೆ ಕಟ್ಟಿ ಎತ್ತುತ್ತೇನೆ. ಅಲ್ಲಿ ಕಸ ಗುಡಿಸುವ ಅಜ್ಜ ಇದನ್ನು ನೋಡಿ ಪ್ರತಿ ಸಲ ನಗುತ್ತಾನೆ.

ಈಗ ಲೆಕ್ಕಕ್ಕೆ ಬರೋಣ, ಇದರಲ್ಲೇ ಇರೋದು ಎಲ್ಲ. ನಾನು ಇಡುವುದು ಐಎಸ್‌ಒ 400, ಎಫ್/4, 1/250. ಛಾವಣಿ ದೀಪಕ್ಕೆ ಬೇಕಾದ ಎಕ್ಸ್‌ಪೋಶರ್ ಮೇಲೆ ಹೇಳಿದೆನಲ್ಲ, ಅದಕ್ಕೆ ಹೋಲಿಸಿ. ಐಎಸ್‌ಒದಲ್ಲಿ ಮೂರು ಸ್ಟಾಪ್ ಇಳಿಯಿತು, ಅಪರ್ಚರ್‌ನಲ್ಲಿ (ಲೆನ್ಸಿನ ಕಿಂಡಿ, ಆ ಎಫ್ ಸಂಖ್ಯೆ) ಒಂದು ಇಳಿಯಿತು, ಶಟರ್‌ನಲ್ಲಿ ಒಂದು ಏರಿತು. ಒಟ್ಟು ಮೂರು ಸ್ಟಾಪ್ ಕಮ್ಮಿ. ಛಾವಣಿ ದೀಪದ ಪಾಲು ಎಂಟನೇ ಒಂದು ಭಾಗಕ್ಕೆ ಬಂತು. ಇಷ್ಟು ಅಂತರ ಇಲ್ಲದಿದ್ದರೆ ದೆವ್ವ ಕಾಣಿಸಿಕೊಳ್ಳುತ್ತೆ. ಫ್ಲ್ಯಾಶ್ ಆಟಗಾರನನ್ನು ಗಟ್ಟಿಯಾಗಿ ಹಿಡಿದಿರುತ್ತೆ, ಆದರೆ ಶಟರ್ ತೆರೆದಿರುವ ಉಳಿದ ಹೊತ್ತಿನಲ್ಲಿ ಛಾವಣಿ ದೀಪ ಅವನ ಕೈಯ ಮಸುಕಾದ ಇನ್ನೊಂದು ಆಕಾರವನ್ನು ಪಕ್ಕದಲ್ಲಿ ಬರೆದಿರುತ್ತೆ. ಬಿಳಿ ಜರ್ಸಿಯಲ್ಲಿ ಇದು ಎದ್ದು ಕಾಣುತ್ತೆ. ಹಿಂದೆ ಕತ್ತಲೆ ಇದ್ದರಂತೂ ಇನ್ನೂ ಜಾಸ್ತಿ.

ಶಟರ್ ಸ್ಪೀಡ್ ಏರಿಸಿಬಿಡೋಣ ಅಂದರೆ ಸಿಂಕ್ ಸ್ಪೀಡ್ ಅಡ್ಡ ಬರುತ್ತೆ. ಫ್ಲ್ಯಾಶ್ ಜೊತೆ ಶಟರ್ ಹೊಂದುವ ಗರಿಷ್ಠ ವೇಗ ಅದು. ಬಹಳಷ್ಟು ಕ್ಯಾಮೆರಾಗಳಲ್ಲಿ ಅದು 1/200 ಅಥವಾ 1/250. ಅದನ್ನು ದಾಟಿದರೆ ಫೋಟೊದ ಒಂದು ಬದಿಗೆ ಕಪ್ಪು ಪಟ್ಟಿ. ಆ ಮಿತಿ ದಾಟಲು ಫ್ಲ್ಯಾಶ್ ಪಟಪಟನೆ ಸಣ್ಣಸಣ್ಣದಾಗಿ ಮಿಂಚುವ ಹೈಸ್ಪೀಡ್ ಸಿಂಕ್ ಇಲ್ಲಿ ಪ್ರಯೋಜನವಿಲ್ಲ. ಅಷ್ಟು ದೂರದಿಂದ ಬರುವ ಬೆಳಕನ್ನು ಅದು ಇನ್ನೂ ಹೀರಿಬಿಡುತ್ತೆ. 2023ರಲ್ಲಿ ಸೋನಿಯವರು ಗ್ಲೋಬಲ್ ಶಟರ್ (ಇಡೀ ಫ್ರೇಮನ್ನು ಒಂದೇ ಸಲ ಹಿಡಿಯುವ ಶಟರ್) ಇರುವ ಎ9 III ಕ್ಯಾಮೆರಾ ತಂದ ಮೇಲೆ ಈ ಗೋಡೆ ಬಿದ್ದಿದೆ. ಅದರಲ್ಲಿ ಯಾವ ಶಟರ್ ಸ್ಪೀಡಿಗೂ ಫ್ಲ್ಯಾಶ್ ಹೊಂದುತ್ತೆ. ನನ್ನ ಹತ್ತಿರ ಅದು ಇಲ್ಲ, ಸದ್ಯಕ್ಕೆ ಕೊಳ್ಳುವ ಯೋಚನೆಯೂ ಇಲ್ಲ.

ಫೋಟೊ ಅಲುಗಾಡದ ಹಾಗೆ ನಿಲ್ಲಿಸುವುದು 1/250ರ ಶಟರ್ ಅಲ್ಲ, ಫ್ಲ್ಯಾಶ್ ಹೊತ್ತಿ ಆರುವ ಹೊತ್ತು. ಲೈಟ್ ಕೊಳ್ಳುವವರು ಇಲ್ಲಿ ಹುಷಾರಾಗಿರಬೇಕು. ಡಬ್ಬಿಯ ಮೇಲೆ 1/1500 ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಟಿ0.5 ಅಳತೆ. ಅಂದರೆ ಬೆಳಕು ಅರ್ಧಕ್ಕಿಂತ ಮೇಲಿರುವ ಹೊತ್ತು ಮಾತ್ರ. ಉಳಿದ ಅರ್ಧದ ಬಾಲವೂ ಫೋಟೊದಲ್ಲಿ ಬೀಳುತ್ತೆ. ನಮಗೆ ಬೇಕಾದ್ದು ಟಿ0.1, ಅಂದರೆ ಬೆಳಕು ಹತ್ತನೇ ಒಂದು ಭಾಗಕ್ಕಿಂತ ಮೇಲಿರುವ ಹೊತ್ತು. ಹಳೆಯ ಮಾದರಿಯ ಲೈಟುಗಳಲ್ಲಿ ಅದು ಸುಮಾರು ಮೂರು ಪಟ್ಟು ಉದ್ದ. ಹಾಗಾಗಿ ಆ 1/1500 ನಿಜದಲ್ಲಿ 1/500ರ ಹತ್ತಿರ. ಚೆಂಡು ಪರವಾಗಿಲ್ಲ, ಬೆರಳ ತುದಿ ಮಸುಕಾಗುತ್ತೆ.

ಇನ್ನೊಂದು ವಿಚಿತ್ರ ಇದೆ. ಹಳೆಯ ಮಾದರಿಯ ಲೈಟುಗಳಲ್ಲಿ ವೋಲ್ಟೇಜ್ ಇಳಿಸಿ ಪವರ್ ಕಮ್ಮಿ ಮಾಡುತ್ತಾರೆ. ಅವುಗಳಲ್ಲಿ ಪವರ್ ಇಳಿಸಿದಷ್ಟೂ ಫ್ಲ್ಯಾಶ್ ನಿಧಾನವಾಗುತ್ತೆ. ಐಜಿಬಿಟಿ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇರುವ ಲೈಟುಗಳಲ್ಲಿ ತದ್ವಿರುದ್ಧ. ಬೆಳಕನ್ನು ಮಧ್ಯದಲ್ಲೇ ಕತ್ತರಿಸಿಬಿಡುವುದರಿಂದ ಪವರ್ ಇಳಿಸಿದರೆ ಫ್ಲ್ಯಾಶ್ ಇನ್ನೂ ಚುರುಕಾಗುತ್ತೆ. ಐನ್‌ಸ್ಟೈನ್ ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಅದರಲ್ಲಿ ಫ್ಲ್ಯಾಶ್ ಹೊತ್ತನ್ನು ಆದಷ್ಟು ಚಿಕ್ಕದಾಗಿಸುವ ಆ್ಯಕ್ಷನ್ ಮೋಡ್ ಹಾಕಿ, ಅರ್ಧಕ್ಕೂ ಕಮ್ಮಿ ಪವರ್‌ನಲ್ಲಿ ಓಡಿಸುತ್ತೇನೆ. ಹಾಗೆ ತೆಗೆದ ಒಂದು ಫೋಟೊ ನನ್ನ ಮೇಜಿನ ಮೇಲಿದೆ. ರಿಬೌಂಡಿಗೆ ನೆಗೆದ ಹುಡುಗಿಯ ಮೊಣಕೈಯಿಂದ ಬೆವರಿನ ನಾಲ್ಕು ಹನಿ ಸಾಲಾಗಿ ಹೊರಟಿವೆ. ಬಿಚ್ಚಿದ ಶೂ ಲೇಸು ಹಾವಿನ ಹಾಗೆ ಮೇಲೆದ್ದಿದೆ. ಚೆಂಡಿನ ಮೇಲಿನ ಚುಕ್ಕಿಗಳನ್ನು ಎಣಿಸಬಹುದು.

ಕಟ್ಟುವ ಕೆಲಸಕ್ಕೆ ಪಂದ್ಯಕ್ಕಿಂತ ಎರಡು ಗಂಟೆ ಮೊದಲೇ ಹೋಗುತ್ತೇನೆ. ಬೆಂಚುಗಳು ಗೋಡೆಯಿಂದ ಎಳೆದು ಬಿಡಿಸುವಂಥವು. ಅವುಗಳನ್ನು ಎಳೆದ ಮೇಲೇ ವೈರ್ ಹಾಕಬೇಕು, ಇಲ್ಲದಿದ್ದರೆ ವೈರ್ ಅವುಗಳ ಚಕ್ರದಡಿಗೆ ಹೋಗುತ್ತೆ. ಪ್ರತಿ ಲೈಟಿಗೂ ಒಂದು ಸೂಪರ್ ಕ್ಲ್ಯಾಂಪ್. ಅದಲ್ಲದೆ ಲೈಟಿಗೆ ಒಂದು, ರಿಫ್ಲೆಕ್ಟರಿಗೆ ಬೇರೆಯೇ ಒಂದು ಉಕ್ಕಿನ ಸೇಫ್ಟಿ ಕೇಬಲ್. ಕೆಳಗೆ ಮಕ್ಕಳು ಕೂತಿರುತ್ತಾರೆ. ಕ್ಲ್ಯಾಂಪ್ ಒಂದನ್ನೇ ನಂಬುವ ಹಾಗಿಲ್ಲ. ವೈರ್ ನೆಲ ಮುಟ್ಟುವ ಕಡೆಯೆಲ್ಲ ಗ್ಯಾಫರ್ ಟೇಪ್ ಹಾಕುತ್ತೇನೆ. ಟ್ರಿಗರ್‌ನಿಂದ ಲೈಟಿಗೆ ಹೋಗುವ ಸಣ್ಣ ವೈರಿಗೂ ಒಂದು ಸುತ್ತು ಟೇಪ್. ಡೋಲು ಬಾರಿಸುವಾಗ, ಬೆಂಚಿನ ಮೇಲೆ ಹುಡುಗರು ಕುಣಿಯುವಾಗ ಕಟಕಟೆ ಅದುರುತ್ತೆ. ಬಿಚ್ಚಿಕೊಳ್ಳುವುದು ಅದೇ ವೈರ್. ಮೂರು ಲೈಟುಗಳನ್ನೂ ಒಂದೇ ಪ್ಲಗ್ ಸಾಲಿಗೆ ಹಾಕಬೇಡಿ. ಅದೇ ಸಾಲಿನಲ್ಲಿ ಪಾಪ್‌ಕಾರ್ನ್ ಯಂತ್ರ ಇದ್ದರೆ ಸ್ವಿಚ್ ಟ್ರಿಪ್ ಆಗುತ್ತೆ.

ಲೈಟ್ ಹೊತ್ತಿಸಲು ಪಾಕೆಟ್‌ವಿಜಾರ್ಡ್ ರೇಡಿಯೊ ಟ್ರಿಗರ್ ಬಳಸುತ್ತೇನೆ. ಖಾಲಿ ಜಿಮ್‌ನಲ್ಲಿ ಕೆಲಸ ಮಾಡಿತು ಅಂತ ನಿಶ್ಚಿಂತೆಯಿಂದ ಇರಬೇಡಿ. ಜನ ತುಂಬಿದ ಮೇಲೆ ಇನ್ನೊಮ್ಮೆ ನೋಡಿ.

ಪಂದ್ಯ ಶುರುವಾಯಿತು ಅನ್ನಿ. ಸೆಕೆಂಡಿಗೆ 20 ಫ್ರೇಮ್ ಹೊಡೆಯುವ ಕ್ಯಾಮೆರಾ ಇದ್ದರೂ ಇಲ್ಲಿ ಸಿಗುವುದು ಒಂದೇ. ಪವರ್ ಎಷ್ಟಿದೆ ಅನ್ನೋದರ ಮೇಲೆ ಲೈಟ್ ಮತ್ತೆ ತುಂಬಿಕೊಳ್ಳಲು ಅರ್ಧದಿಂದ ಎರಡು ಸೆಕೆಂಡ್ ಬೇಕು. ಆತುರಪಟ್ಟರೆ ಎರಡನೇ ಫ್ರೇಮ್ ಮಬ್ಬು. ಡ್ರಿಬಲ್ ಮಾಡುವಾಗ ಸುಮ್ನೆ ಒಂದು ಕ್ಲಿಕ್ ಹೊಡೆದಿರೋ, ಆ ಕ್ಷಣಕ್ಕೇ ಅವನು ರಿಮ್ ಕಡೆ ನುಗ್ಗುತ್ತಾನೆ, ನಿಮ್ಮ ಲೈಟ್ ಖಾಲಿ. ಅದಕ್ಕೆ ಕಾಯುವುದನ್ನು ಕಲಿಯಬೇಕು. ಜಂಪ್ ಶಾಟ್‌ನಲ್ಲಿ ಚೆಂಡು ಕೈ ಬಿಡುವ ಮೊದಲು, ನೆಗೆತದ ತುದಿಯಲ್ಲಿ ದೇಹ ಒಂದು ಕ್ಷಣ ನಿಂತ ಹಾಗೆ ಆಗುತ್ತಲ್ಲ, ಅಲ್ಲಿ ಒತ್ತಬೇಕು. ಲೇಅಪ್‌ನಲ್ಲಿ ಮೊಣಕಾಲು ಸೊಂಟಕ್ಕೆ ಬಂದಾಗ. ರಿಬೌಂಡ್‌ನಲ್ಲಿ ಚೆಂಡಿಗೆ ಎರಡನೇ ಕೈ ತಾಗಿದಾಗ. ಕಣ್ಣಿಗೆ ಕಂಡ ಮೇಲೆ ಒತ್ತಿದರೆ ತಡವಾಗುತ್ತೆ.

ಇದರಿಂದ ಆಟಗಾರರನ್ನು ಓದುವ ಅಭ್ಯಾಸ ಆಗಿದೆ. ನಮ್ಮ ತಂಡದ ಪಾಯಿಂಟ್ ಗಾರ್ಡ್ ಎಡಗಡೆಯಿಂದ ನುಗ್ಗುವ ಮೊದಲು ಎರಡು ಸಲ ಗಟ್ಟಿಯಾಗಿ ಚೆಂಡು ಕುಟ್ಟುತ್ತಾನೆ. ಎದುರಾಳಿಗಳು ಇನ್ನೂ ಗಮನಿಸಿಲ್ಲ. ನಾನೂ ಬಾಯಿ ಬಿಟ್ಟಿಲ್ಲ.

ಫ್ಲ್ಯಾಶ್ ಕಣ್ಣಿಗೆ ಹೊಡೆದು ಆಟ ಕೆಡುವುದಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ಲೈಟ್ ಎತ್ತರದಲ್ಲಿ, ಮೂಲೆಯಲ್ಲಿ ಇದ್ದರೆ ರಿಮ್ ನೋಡುವವನ ದೃಷ್ಟಿಗೆ ನೇರವಾಗಿ ಬರುವುದಿಲ್ಲ. ಆದರೂ ಮೊದಲೇ ಕಾಲೇಜಿನ ಕ್ರೀಡಾ ಕಚೇರಿ, ಎರಡೂ ಕೋಚ್‌ಗಳು, ರೆಫರಿಗಳು ಎಲ್ಲರಿಗೂ ತೋರಿಸಿ ಒಪ್ಪಿಗೆ ಪಡೆಯುತ್ತೇನೆ. ಫ್ರೀ ಥ್ರೋ ಸಮಯದಲ್ಲಿ ಒತ್ತುವುದಿಲ್ಲ. ಒಬ್ಬ ಎದುರಾಳಿ ಕೋಚ್ ಪಂದ್ಯದ ಮಧ್ಯದಲ್ಲಿ ಬೇಡವೆಂದು ಕೂಗಾಡಿದರು. ಲೈಟ್ ಆರಿಸಿ, ಐಎಸ್‌ಒ ಏರಿಸಿ ತೆಗೆದೆ. ಅದರಲ್ಲಿ ವಾದ ಮಾಡುವುದು ಏನೂ ಇಲ್ಲ.

ಕರ್ನಾಟಕದಲ್ಲಿ ಇದನ್ನು ಮಾಡಬೇಕು ಅನ್ನುವವರಿಗೆ ಒಂದೆರಡು ಮಾತು. ನಮ್ಮ ಕಡೆಯ ಕಾಲೇಜುಗಳಲ್ಲಿ ಹೆಚ್ಚಿನ ಅಂಕಣಗಳು ಬಯಲಲ್ಲಿ, ಸಿಮೆಂಟಿನ ಮೇಲೆ. ಒಳಾಂಗಣ ಸಿಕ್ಕರೆ ಅಲ್ಲಿನ ಕರೆಂಟ್ 230 ವೋಲ್ಟ್, 50 ಹರ್ಟ್ಸ್. ಅಮೆರಿಕದಿಂದ ತರಿಸುವ ಹಲವು ಲೈಟುಗಳು 120 ವೋಲ್ಟಿಗೆ ಮಾತ್ರ, ನೋಡಿಕೊಳ್ಳಿ. ಬ್ಯಾಟರಿಯ ಗೊಡಾಕ್ಸ್ ಎಡಿ200 ಎರಡು ಇದ್ದರೆ ವೈರಿನ ತಾಪತ್ರಯವೇ ಇಲ್ಲ. 200 ವಾಟ್-ಸೆಕೆಂಡ್ ಅಷ್ಟೇ, ಹಾಗಾಗಿ ಹತ್ತಿರದಿಂದ ಹೊಡೆಯಬೇಕು, ಐಎಸ್‌ಒ 800ಕ್ಕೆ ಏರಿಸಬೇಕಾಗಬಹುದು. ಛಾವಣಿ ಬಿಳಿಯಾಗಿ, ತಗ್ಗಾಗಿ ಇದ್ದರೆ ಅದಕ್ಕೆ ಹೊಡೆದು ಬೆಳಕನ್ನು ಬೌನ್ಸ್ ಮಾಡಿಸಿ. ತಗಡಿನ ಶೀಟ್ ಆದರೆ ನೇರವಾಗಿಯೇ ಹೊಡೆಯಿರಿ. ಹಳೆಯ ಮೆಟಲ್ ಹ್ಯಾಲೈಡ್ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಫ್ಲ್ಯಾಶ್ ಇಲ್ಲದೆ 1/500ರಲ್ಲಿ ತೆಗೆದರೆ ಒಂದು ಫೋಟೊ ಹಳದಿ, ಇನ್ನೊಂದು ಹಸಿರು. ಮೂರು ಸ್ಟಾಪ್ ಅಂತರ ಕಾಯ್ದುಕೊಂಡರೆ ಆ ಬಣ್ಣದ ಜಗಳವೂ ಹೆಚ್ಚುಕಮ್ಮಿ ತೀರುತ್ತೆ. ವೈಟ್ ಬ್ಯಾಲೆನ್ಸ್ ಒಮ್ಮೆ ಫ್ಲ್ಯಾಶ್‌ಗೆ ಇಟ್ಟರೆ ಮುನ್ನೂರು ಫೋಟೊಗೂ ಅದೇ ನಡೆಯುತ್ತೆ, ಹಾಫ್‌ಟೈಮ್‌ನಲ್ಲೇ ನಾಲ್ಕು ಫೋಟೊ ಕಾಲೇಜಿನವರಿಗೆ ಕಳಿಸಿಬಿಡಬಹುದು.